ಗುದ್ದಲಿ ಕೆಲಸ ಎಷ್ಟು ಭಾರ? ನಾಡಿ ಎಣಿಸಿ ಲೆಕ್ಕ ಹಾಕಿ

ಕೋಲಾರದ ಟೊಮೆಟೊ ತೋಟದಲ್ಲಿ ಗುದ್ದಲಿ ಹಿಡಿದವರಿಗೂ ನಂದಿ ಬೆಟ್ಟದ ಮೆಟ್ಟಿಲು ಹತ್ತುವವರಿಗೂ ಏದುಸಿರು ಬರುತ್ತದೆ. ಮೈ ಎಷ್ಟು ಆಮ್ಲಜನಕ ಬಳಸಿತು ಎಂದು ನೇರವಾಗಿ ಅಳೆಯಲು ಮಾಸ್ಕ್ ಕಟ್ಟಿ ಉಸಿರನ್ನು ಪರೀಕ್ಷಿಸಬೇಕು. ಅಂದಾಜಿಗೆ ನಾಡಿ ಸಾಕು. ದುಡಿಮೆ ಬಿರುಸಾದಂತೆ ಆಮ್ಲಜನಕದ ಬಳಕೆಯೂ ಎದೆಬಡಿತವೂ ಹೆಚ್ಚುಕಡಿಮೆ ಜೊತೆಯಾಗಿಯೇ ಏರುತ್ತವೆ. ಆದರೆ ಆ ಏರಿಕೆ ಒಬ್ಬೊಬ್ಬರಿಗೆ ಒಂದೊಂದು ತರಹ, ಹಾಗಾಗಿ ನಾಡಿಗೂ ಆಮ್ಲಜನಕಕ್ಕೂ ಇರುವ ನಂಟು ತೋರಿಸುವ ನಿಮ್ಮ ಗೆರೆಯನ್ನು ಗ್ರಾಫ್ ಹಾಳೆಯಲ್ಲಿ ನೀವೇ ಎಳೆದುಕೊಳ್ಳಬೇಕು.

ಮೊದಲು 20 ಸೆಂ.ಮೀ. ಎತ್ತರದ ಗಟ್ಟಿ ಮೆಟ್ಟಿಲು ಹುಡುಕಿ. ಮೊಬೈಲ್‌ನಲ್ಲಿ ತಾಳ ತಪ್ಪದೆ ಟಿಕ್ ಎನ್ನುವ ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60 ಟಿಕ್‌ಗೆ ಇಡಿ. ಟಿಕ್‌ಗೊಂದು ಹೆಜ್ಜೆ: ಎರಡು ಮೇಲಕ್ಕೆ, ಎರಡು ಕೆಳಕ್ಕೆ. ನಿಮಿಷಕ್ಕೆ 15 ಏರಿಳಿತ ಆಗುತ್ತದೆ. ಐದು ನಿಮಿಷ ಬಿಡದೆ ಮಾಡಿ. ಬಡಿತ ಒಂದು ಮಟ್ಟಕ್ಕೆ ನಿಲ್ಲಲು ಮೂರು ನಿಮಿಷವಾದರೂ ಬೇಕು.

ನಿಂತ ತಕ್ಷಣ ಮಣಿಕಟ್ಟಿಗೆ ಎರಡು ಬೆರಳಿಡಿ. ಹೆಬ್ಬೆರಳು ಬೇಡ, ಅದರದೇ ಮಿಡಿತ ಸೇರಿ ಎಣಿಕೆ ಕೆಡುತ್ತದೆ. ಮೊದಲ ಬಡಿತಕ್ಕೆ 'ಸೊನ್ನೆ' ಎಂದು ಶುರುಮಾಡಿ ಹತ್ತರವರೆಗೆ ಎಣಿಸಿ, ಹಿಡಿದ ಸೆಕೆಂಡುಗಳಿಂದ 600ನ್ನು ಭಾಗಿಸಿ. 6 ಸೆಕೆಂಡ್ ಹಿಡಿದರೆ ನಾಡಿ 100. 'ಒಂದು' ಎಂದು ಶುರುಮಾಡಿದರೆ ಲೆಕ್ಕ ಹತ್ತರಲ್ಲೊಂದು ಪಾಲು ತಪ್ಪುತ್ತದೆ. ತಡಮಾಡಿದರೂ ತಪ್ಪೇ, ನಿಂತೊಡನೆ ಬಡಿತ ಇಳಿಯತೊಡಗುತ್ತದೆ.

ಸುಧಾರಿಸಿಕೊಂಡು 100 ಟಿಕ್‌ನಲ್ಲಿ, ಅಂದರೆ 25 ಏರಿಳಿತದಲ್ಲಿ, ಮತ್ತೆ ಮಾಡಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಹೃದ್ರೋಗಿಗಳು ವೈದ್ಯರನ್ನು ಕೇಳದೆ ಶುರುಮಾಡಬಾರದು.

ಇನ್ನು ಲೆಕ್ಕ. ಏರಿಳಿತವನ್ನು 0.68ರಿಂದ ಗುಣಿಸಿ 3.5 ಕೂಡಿಸಿದರೆ, ದೇಹತೂಕದ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ ಬೇಕಾದ ಆಮ್ಲಜನಕ ಮಿಲಿಲೀಟರಿನಲ್ಲಿ ಸಿಗುತ್ತದೆ: 15ಕ್ಕೆ 13.7, 25ಕ್ಕೆ 20.5. (ಮೆಟ್ಟಿಲು ಬೇರೆ ಎತ್ತರದ್ದಾದರೆ ಅದರ ಎತ್ತರವನ್ನು ಮೀಟರಿನಲ್ಲಿ 2.4ರಿಂದ ಗುಣಿಸಿ, 0.2 ಕೂಡಿಸಿ, ಬಂದದ್ದನ್ನು 0.68ರ ಜಾಗದಲ್ಲಿ ಬಳಸಿ.) ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ನಾಡಿ, ಉದ್ದಕ್ಕೆ ಆಮ್ಲಜನಕ ಗುರುತಿಸಿ ಎರಡು ಚುಕ್ಕೆ ಸೇರಿಸಿ. ನಾಡಿ 100 ಮತ್ತು 120 ಬಂದಿತ್ತು ಎನ್ನಿ. ಗುದ್ದಲಿ ಕೆಲಸದ ನಡುವೆ 110 ಬಂದರೆ ಆಮ್ಲಜನಕ 17.1. ತೂಕ 60 ಕೆ.ಜಿ. ಇದ್ದವರಿಗೆ ಅದು ನಿಮಿಷಕ್ಕೆ ಒಂದು ಲೀಟರ್, ಅಂದರೆ ಸುಮಾರು 5 ಕಿಲೊಕ್ಯಾಲೊರಿ ಶಕ್ತಿಯ ಖರ್ಚು.

ಅದು ನಿಮಗೆ ಎಷ್ಟು ಭಾರ? ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆದರೆ ಗರಿಷ್ಠ ಬಡಿತ. 40 ವರ್ಷಕ್ಕೆ 180, ಹತ್ತು ಬಡಿತ ಆಚೀಚೆ ಇರಬಹುದು. ವಿಶ್ರಾಂತಿಯ ನಾಡಿ 70 ಆದರೆ 180ರವರೆಗೆ ಏರಲು ಕೈಯಲ್ಲಿರುವುದು 110 ಬಡಿತ. ನಾಡಿ 110 ಮುಟ್ಟುವ ಹೊತ್ತಿಗೆ ಅದರಲ್ಲಿ 40 ಖರ್ಚು, ಶೇ 36. ದಿನವಿಡೀ ದುಡಿಯುವವರಿಗೆ ಮೂರನೇ ಒಂದು ಪಾಲಿನ ಆಸುಪಾಸೇ ಮಿತಿ, ಹಾಗಾಗಿ ನಡುನಡುವೆ ನೆರಳಲ್ಲಿ ಕೂರಲೇಬೇಕು.

ಈ ಗೆರೆಯನ್ನು ಹೆಚ್ಚು ಕೆಡಿಸುವುದು ಬಿಸಿಲು. ಏಪ್ರಿಲ್ ಮಧ್ಯಾಹ್ನ ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ. ಕೆಲಸ ಅಷ್ಟೇ ಇದ್ದರೂ ನಾಡಿ ಏರುತ್ತದೆ. ಟೊಮೆಟೊ ಬಾಕ್ಸ್ ಬಿಗಿಹಿಡಿದು ಹೊರುವಾಗಲೂ ಹಾಗೆಯೇ. ಇಂಥ ಕಡೆ ಗೆರೆ ತೋರಿಸುವ ಆಮ್ಲಜನಕ ನಿಜಕ್ಕಿಂತ ಹೆಚ್ಚು. ಕಾಫಿ, ಬೀಡಿ ಆದ ಕೂಡಲೇ ಅಳೆಯಬೇಡಿ. ಬಿ.ಪಿ., ಹೃದಯದ ತೊಂದರೆಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆ ನಾಡಿಯನ್ನೇ ತಗ್ಗಿಸುತ್ತವೆ. ಅವನ್ನು ನುಂಗುವವರಿಗೆ ಗರಿಷ್ಠ ಬಡಿತದ ಸೂತ್ರ ಹೊಂದುವುದಿಲ್ಲ. ಕುಳಿತಾಗಿನ ನಾಡಿಗೂ ಈ ಗೆರೆ ಬಳಸಬೇಡಿ. ಬೆಳಗಿನ ತಂಪಿನಲ್ಲಿ ಗೆರೆ ಎಳೆದರೆ ಹೊಲದ ನಾಡಿಯನ್ನೂ ತಂಪು ಹೊತ್ತಿನಲ್ಲೇ ಎಣಿಸಿ.