ಒಂದೇ ವೈರಿನ ಸೆಂಡರ್‌ಗೆ ಟೆಫ್ಲಾನ್ ಟೇಪ್ ಬೇಡ
ಬೋಟ್ ಎಂಜಿನ್‌ಗೆ ಹೊಸದಾಗಿ ಆಯಿಲ್ ಪ್ರೆಶರ್, ಟೆಂಪರೇಚರ್ ಮೀಟರ್ ಹಾಕುವವರು ಒಂದೇ ವೈರಿನ ಸೆಂಡರ್‌ಗೆ (ಎಂಜಿನ್‌ಗೆ ತಿರುಗಿಸಿ ಕೂರಿಸುವ, ಮೀಟರ್‌ಗೆ ಸಿಗ್ನಲ್ ಕಳಿಸುವ ಸೆನ್ಸರ್) ಟೆಫ್ಲಾನ್ ಟೇಪ್ ಸುತ್ತಬೇಡಿ. ತುದಿಯ ಎರಡು ಥ್ರೆಡ್ ಬಿಟ್ಟು ಲಿಕ್ವಿಡ್ ಸೀಲಂಟ್ ತೆಳ್ಳಗೆ ಸವರಿದರೆ ಸಾಕು. ಇದಕ್ಕೆ ಅರ್ಥಿಂಗ್ ಸಿಗುವುದೇ ಥ್ರೆಡ್ ಮೂಲಕ. ಟೇಪ್ ಅಡ್ಡ ಬಂದು ಅಲ್ಲಿ ರೆಸಿಸ್ಟೆನ್ಸ್ ಹೆಚ್ಚಿದರೆ ಎಂಜಿನ್ ಕಾದಿದ್ದರೂ ಟೆಂಪರೇಚರ್ ಮುಳ್ಳು ಕೆಳಗೇ ನಿಲ್ಲುತ್ತದೆ. 10–184 ಓಮ್‌ನ (ಪ್ರೆಶರ್ ಏರಿದಂತೆ ರೆಸಿಸ್ಟೆನ್ಸ್ ಏರುವ) ಪ್ರೆಶರ್ ಸೆಂಡರ್ ಆದರೆ ಇಲ್ಲದ ಪ್ರೆಶರ್ ತೋರಿಸುತ್ತದೆ. ಎರಡೂ ಧೈರ್ಯ ಕೊಡುವ ಸುಳ್ಳು! ಬಿಗಿ ಮಾಡಿದ ಮೇಲೆ ಕೀ ಆಫ್ ಇಟ್ಟು, ಸೆಂಡರ್ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ ಮಲ್ಟಿಮೀಟರ್ ಹಿಡಿಯಿರಿ, 1 ಓಮ್‌ಗಿಂತ ಕಡಿಮೆ ಬರಬೇಕು. ಬರದಿದ್ದರೆ ಮೊದಲು ಎಂಜಿನ್ನಿನ ಅರ್ಥಿಂಗ್ ಕೇಬಲ್ ನೋಡಿ. ಬೈತಖೋಲ್, ತದಡಿ ಬಂದರುಗಳ ಉಪ್ಪುಗಾಳಿಗೆ ಅದರ ತುದಿ ಹಸಿರುಗಟ್ಟಿರುತ್ತದೆ. ರಬ್ಬರ್ ಹೋಸ್ ತುದಿಗೆ ಸೆಂಡರ್ ಕೂರಿಸಿದ್ದರೆ ಥ್ರೆಡ್ ಮೂಲಕ ಅರ್ಥಿಂಗ್ ಸಿಗದು, ಮೈಗೆ ಕ್ಲಾಂಪ್ ಹಾಕಿ ಬೇರೆ ಅರ್ಥಿಂಗ್ ವೈರ್ ಎಳೆಯಲೇಬೇಕು.