ಹಿತ್ತಲಲ್ಲಿ ಹಾವಿರಲಿ, ಮನೆಯೊಳಗೆ ಬೇಡ

ದುಬೈಯ ಫ್ಲ್ಯಾಟಿನಿಂದಲೋ ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದಲೋ ಉಡುಪಿ ಕಡೆಯ ತೋಟದ ಮನೆಗೆ ಬಂದು ನೆಲೆಸುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಹಾವು ಬಾರದ ಹಾಗೆ ಏನು ಹಾಕಬೇಕು? ಹಾಕುವಂಥದ್ದು ಏನೂ ಇಲ್ಲ. ಫಿನಾಯಿಲ್, ಬೆಳ್ಳುಳ್ಳಿ ನೀರು, ಗಂಧಕ, ನುಸಿಗುಳಿಗೆ, ಪ್ಲಗ್‌ಗೆ ಸಿಕ್ಕಿಸುವ ಅಲ್ಟ್ರಾಸಾನಿಕ್ ಯಂತ್ರ, ಇವುಗಳನ್ನು ನಂಬಿ ನಿಶ್ಚಿಂತೆಯಿಂದ ಮಲಗುವಂತಿಲ್ಲ. ಕಾರ್ಬಾಲಿಕ್ ಆಸಿಡ್ ಅಂತೂ ಹಾವಿಗಿಂತ ಮೊದಲು ಮಕ್ಕಳ ಕೈಕಾಲು ಸುಡುತ್ತದೆ. ಹಿರಿಯಡಕ ಕಡೆಯ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮನೆಯಲ್ಲಿ ಮಾಡಿಕೊಂಡ ಲೆಕ್ಕ ಬೇರೆ. ಹಿತ್ತಲು, ತೋಡು, ಬನ ಹಾವಿನವು. ಗೋಡೆಯಿಂದ ಒಳಗೆ ನಮ್ಮದು. ಆ ಗೆರೆಯನ್ನು ಗಟ್ಟಿ ಮಾಡುವುದೇ ಕೆಲಸ.

ಗುರುತು ಹಿಡಿಯಲೇಬೇಕಾದವು ಮೂರು. ನಾಗರಹಾವನ್ನು ತುಳುನಾಡಿನಲ್ಲಿ ಯಾರಿಗೂ ಪರಿಚಯಿಸಬೇಕಾಗಿಲ್ಲ. ಆದರೆ ಹೆಡೆ ಬಿಚ್ಚದೆ ಹರಿದು ಹೋಗುವಾಗ ಅದು ಕೇರೆ ಹಾವಿನಂತೆಯೇ ಕಾಣುತ್ತದೆ, ಹಾಗಾಗಿ 'ಕೇರೆ ಅಲ್ಲವಾ' ಎಂದು ಹತ್ತಿರ ಹೋಗಬಾರದು. ಕೊಳಕುಮಂಡಲ ದಪ್ಪ ಮೈಯ, ಕಂದು ಬಣ್ಣದ ಹಾವು. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಪ್ಪು ಗುರುತು. ಕೆಣಕಿದರೆ ಕುಕ್ಕರ್ ಕೂಗುವ ಹಾಗೆ ಬುಸುಗುಡುತ್ತದೆ. ಇದನ್ನು ಹೆಬ್ಬಾವಿನ ಮರಿ ಎಂದುಕೊಂಡು ಕೈ ಹಾಕಿ ಕಚ್ಚಿಸಿಕೊಳ್ಳುವವರು ಇದ್ದಾರೆ. ಹೆಬ್ಬಾವಿನ ಮೈಮೇಲಿನ ಮಚ್ಚೆಗಳು ಸಾಲು ಹಿಡಿದಿರುವುದಿಲ್ಲ, ಅಡ್ಡಾದಿಡ್ಡಿ ಇರುತ್ತವೆ. ಮೂರನೆಯದು ಕಟ್ಟುಹಾವು, ಕೆಲವರ ಬಾಯಲ್ಲಿ ಕಡಂಬಳ. ಹೊಳೆಯುವ ಕಪ್ಪು ಮೈ, ತೆಳುವಾದ ಬಿಳಿ ಪಟ್ಟೆಗಳು. ಹಲ್ಲಿ ಹಿಡಿಯಲು ಗೋಡೆ ಹತ್ತುವ ನಿರುಪದ್ರವಿ ತೋಳದ ಹಾವಿಗೂ ಪಟ್ಟೆ ಇದೆ. ಅದರ ಪಟ್ಟೆ ಕುತ್ತಿಗೆಯ ಹತ್ತಿರ ಸ್ಪಷ್ಟ, ಬಾಲದ ಕಡೆ ಮಾಸಲು. ಕಟ್ಟುಹಾವಿನಲ್ಲಿ ಇದು ತಿರುವುಮುರುವು. ಪುಸ್ತಕದಲ್ಲಿ ಇದು ಸುಲಭ. ಟಾರ್ಚ್ ಬೆಳಕಿನಲ್ಲಿ ಹೊಸಬರಿಗೆ ಸಾಧ್ಯವಿಲ್ಲ, ಆದ್ದರಿಂದ ಪಟ್ಟೆ ಇದ್ದದ್ದನ್ನೆಲ್ಲ ಕಟ್ಟುಹಾವು ಎಂದೇ ತಿಳಿಯಿರಿ.

ಇನ್ನು ಗೋಡೆಯ ಕೆಲಸ. ಅಳತೆ ಒಂದೇ: 6 ಮಿಲಿಮೀಟರ್. ಒಂದು ಪೆನ್ಸಿಲ್ ಹಿಡಿದು ಮನೆಗೆ ಸುತ್ತು ಬನ್ನಿ. ಪೆನ್ಸಿಲ್ ಹೋಗುವ ಸಂದು ಮರಿಹಾವಿಗೂ ದಾರಿ. ಮುರಕಲ್ಲಿನ ಗೋಡೆಯಲ್ಲಿ ಗಾರೆ ಉದುರಿದ ಸಂದುಗಳು ನೆಲದಿಂದ ಎರಡು ಅಡಿಯೊಳಗೇ ಹೆಚ್ಚು, ಮಾಡಿನ (ಛಾವಣಿಯ) ನೀರು ಬಿದ್ದು ಸಿಡಿಯುವುದು ಅಲ್ಲಿಗೇ. ಸಡಿಲ ಮಣ್ಣನ್ನು ಕೆರೆದು ತೆಗೆದು, ಕಲ್ಲನ್ನು ಚೆನ್ನಾಗಿ ನೆನೆಸಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು ಕಲಸಿ ತುಂಬಬೇಕು. ನೆನೆಸದಿದ್ದರೆ ಮುರಕಲ್ಲು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಏಸಿ ಪೈಪಿನ ತೂತಿಗೆ ಬರೀ ಫೋಮ್ ತುಂಬಿದರೆ ಇಲಿ ಕಡಿದು ದಾರಿ ಮಾಡುತ್ತದೆ, ಇಲಿ ಮಾಡಿದ ದಾರಿಯಲ್ಲೇ ಹಾವು ಬರುತ್ತದೆ.

ಹೆಚ್ಚಿನವರು ಮರೆಯುವುದು ಬಚ್ಚಲಿನ ಪೈಪು. ನಮ್ಮಲ್ಲಿ ಬಚ್ಚಲ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ, ಪೈಪಿನ ಆ ತುದಿ ಬಾಯಿ ತೆರೆದುಕೊಂಡೇ ಇರುತ್ತದೆ. ತಂಪು, ಕತ್ತಲೆ, ಸುತ್ತ ಕಪ್ಪೆ. ಹಾವಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ. ಆ ತುದಿಗೆ 6 ಮಿಲಿಮೀಟರ್ ಕಣ್ಣಿನ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನು ಮಡಚಿ ಟೊಪ್ಪಿಯಂತೆ ಹಾಕಿ, ಕ್ಲ್ಯಾಂಪಿನಿಂದ ಬಿಗಿಯಿರಿ. ಸಿಮೆಂಟಿನಲ್ಲಿ ಕೂರಿಸಬೇಡಿ. ಕೂದಲು, ಸಾಬೂನಿನ ಜಿಡ್ಡು ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ, ಬಿಚ್ಚಿ ತೊಳೆಯಲು ಬರಬೇಕು. ಇಲ್ಲದಿದ್ದರೆ ಯಾರಾದರೂ ಬೇಸತ್ತು ಜಾಲರಿಯನ್ನೇ ಕಿತ್ತೆಸೆಯುತ್ತಾರೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಜಾಲರಿ ಅಗ್ಗ, ಆದರೆ ಕರಾವಳಿಯ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಕೈಯಲ್ಲೇ ಮುರಿಯುತ್ತದೆ. ಒಳಗಿನ ಮೋರಿ ಬಾಯಿಗೆ ತಿರುಗಿಸಿ ಮುಚ್ಚುವ ಸ್ಟೀಲ್ ಜಾಲಿ ಇದ್ದರೆ ಎರಡು ತಡೆ ಆಯಿತು.

ಬಾಗಿಲಿನ ಅಡಿ ಸಂದನ್ನು ಬೇಸಗೆಯಲ್ಲಿ ಪೂರ್ತಿ ಮುಚ್ಚಿದರೆ ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಹೊಸ್ತಿಲಿಗೆ ಕಚ್ಚಿಕೊಳ್ಳುತ್ತದೆ. ಆಗ ಬಾಗಿಲನ್ನು ಅರ್ಧ ತೆರೆದಿಡುವ ಅಭ್ಯಾಸ ಶುರುವಾಗುತ್ತದೆ, ಮಾಡಿದ್ದೆಲ್ಲ ವ್ಯರ್ಥ. ನಾಲ್ಕೈದು ಮಿಲಿಮೀಟರ್ ಬಿಟ್ಟು, ಹೊರಬದಿಗೆ ಬ್ರಶ್ ಇರುವ ಅಲ್ಯೂಮಿನಿಯಂ ಪಟ್ಟಿ ಸ್ಕ್ರೂ ಹಾಕಿ ಕೂರಿಸಿ. ಹಂಚಿನ ಮನೆಯಾದರೆ ಗೋಡೆಯ ತಲೆಗೂ ಹಂಚು ಹೊರುವ ಪಕ್ಕಾಸಿಗೂ ನಡುವಿನ ಸಂದಿಗೆ ಅದೇ ಜಾಲರಿ. ಮಾಡಿಗೆ ತಾಗುವ ಕೊಂಬೆಗಳನ್ನು ಒಂದು ಮೀಟರ್ ದೂರಕ್ಕೆ ಕಡಿಯಿರಿ. ಇದೆಲ್ಲ ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ವಾರಕ್ಕೆ ಮೊದಲು, ಮುಗಿಯಬೇಕು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಬಿಲಗಳಿಗೆ ನೀರು ನುಗ್ಗುತ್ತದೆ, ನಾಗರಹಾವಿನ ಮೊಟ್ಟೆ ಒಡೆಯುವುದೂ ಕೊಳಕುಮಂಡಲ ಮರಿ ಹಾಕುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ.

ಹೊರಗೆ ನೋಡಿಕೊಳ್ಳಬೇಕಾದದ್ದು ಇಲಿ. ಅಕ್ಕಿ, ಹಿಂಡಿ, ಕೋಳಿ ಆಹಾರ ಮುಚ್ಚಳದ ಡ್ರಮ್ಮಿನಲ್ಲಿರಲಿ. ಹಂಡೆ ಒಲೆಯ ಕಟ್ಟಿಗೆಯನ್ನು ಬಚ್ಚಲಗೋಡೆಗೆ ಒರಗಿಸಿ ಪೇರಿಸುವುದು ಎಲ್ಲರ ರೂಢಿ, ಅದನ್ನು ಬಿಡಬೇಕು. ನೆಲದಿಂದ ಒಂದು ಅಡಿ ಎತ್ತರದ ಅಟ್ಟಣೆ ಮೇಲೆ, ಗೋಡೆಯಿಂದ ದೂರ ಇಡಿ. ತೆಗೆಯುವಾಗ ಕೋಲಿನಿಂದ ತಟ್ಟಿ, ಆಮೇಲೆ ಕೈ ಹಾಕಿ. ಮಡಲು, ತೆಂಗಿನ ಸಿಪ್ಪೆಯ ರಾಶಿಗೂ ಇದೇ ನಿಯಮ. ಕೇರೆ ಹಾವನ್ನು ಮಾತ್ರ ಓಡಿಸಬೇಡಿ, ಇಲಿ ತಿನ್ನುವುದು ಅದೇ.

ಒಂದು ವಿಷಯ ಒತ್ತಿ ಹೇಳಬೇಕು. ತರಕಾರಿ ಸಾಲಿಗೆ, ಕೋಳಿಗೂಡಿಗೆ, ಬಾವಿಕಟ್ಟೆಗೆ ಹಳೆಯ ಮೀನುಬಲೆ ಕಟ್ಟುವುದು ನಮ್ಮಲ್ಲಿ ತೀರ ಸಾಮಾನ್ಯ. ನೈಲಾನ್ ಎಳೆಯ ಕಣ್ಣಿಗೆ ಹಾವು ತಲೆ ತೂರಿಸುತ್ತದೆ, ಮೈಯ ದಪ್ಪ ಭಾಗ ಸಿಕ್ಕಿಕೊಳ್ಳುತ್ತದೆ. ಹುರುಪೆ ಹಿಂದಕ್ಕೆ ಬಾಗಿರುವುದರಿಂದ ಹಿಂದೆ ಸರಿಯಲೂ ಆಗದು. ಎಳೆದಷ್ಟೂ ಎಳೆ ಚರ್ಮ ಕೊಯ್ಯುತ್ತದೆ. ಬಿಸಿಲಿಗೆ ಅದು ನರಳಿ ಸಾಯುವುದು ನೋಡಲಾಗದು. ಬೆಳಿಗ್ಗೆ ಸೊಪ್ಪು ಕೊಯ್ಯಲು ಕೈ ಚಾಚಿದವರಿಗೂ ಅಷ್ಟೇ ಅಪಾಯ. ಬಲೆಯ ಬದಲು ಗಟ್ಟಿ ತಂತಿಜಾಲರಿ ಕಟ್ಟಿ. ಬಲೆ ಬೇಕೇ ಬೇಕೆಂದರೆ ಅದರ ಅಂಚು ನೆಲದಿಂದ ಒಂದೂವರೆ ಅಡಿ ಮೇಲೆ ನಿಲ್ಲಲಿ.

ಕಟ್ಟುಹಾವಿನ ವಿಷಯದಲ್ಲಿ ಗೋಡೆಗಿಂತ ಹಾಸಿಗೆ ಮುಖ್ಯ. ಅದು ರಾತ್ರಿ ಸಂಚಾರದ ಹಾವು, ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದು ಗೊತ್ತೇ ಆಗದಿರಬಹುದು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿ, ಹೊದಿಕೆ ನೆಲಕ್ಕೆ ಇಳಿಬೀಳದಿರಲಿ. ಸೆಕೆಗೆ ಜಗಲಿಯಲ್ಲಿ ಚಾಪೆ ಹಾಸಿ ಮಲಗುವ ಆಸೆಯನ್ನು ಬಿಟ್ಟುಬಿಡಿ. ಅಂಗಳಕ್ಕೆ ಇಳಿಯುವಾಗ ಟಾರ್ಚ್, ಹುಲ್ಲು ಕೊಯ್ಯುವಾಗ ಗಮ್‌ಬೂಟು, ಹಾಕುವ ಮೊದಲು ಬೂಟು ಕೊಡವುವುದು ಮನೆಮಂದಿಗೆಲ್ಲ ಕಡ್ಡಾಯ.

ಇಷ್ಟಾಗಿಯೂ ಒಳಗೆ ಬಂದರೆ ಮಕ್ಕಳು, ನಾಯಿ ಹೊರಗೆ. ಒಬ್ಬರು ಮೂರು ಮೀಟರ್ ದೂರದಿಂದ ಕಣ್ಣು ತೆಗೆಯದೆ ನಿಂತಿರಿ. ಎಲ್ಲಿ ಹೋಯಿತೆಂದು ಗೊತ್ತಾಗದಿರುವುದೇ ದೊಡ್ಡ ತಲೆನೋವು. ಕೋಣೆಯ ಬಾಗಿಲು ಮುಚ್ಚಿ ಅಡಿಗೆ ದಪ್ಪ ಬಟ್ಟೆ ತುರುಕಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಊರಿನ ಹಾವು ಹಿಡಿಯುವವರ ನಂಬರನ್ನು ಬಂದ ವಾರದಲ್ಲೇ ಕೇಳಿ ಬರೆದಿಡಿ. ಹೊಡೆಯಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಂದು ಕಡೆ. ಹೊಡೆಯಲು ಹತ್ತಿರ ಹೋದಾಗಲೇ ಕಡಿತ ಆಗುವುದು ಇನ್ನೊಂದು ಕಡೆ.

ಕಚ್ಚಿದರೆ ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲುಂಗುರ ತಕ್ಷಣ ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ಮೂಳೆ ಮುರಿದಾಗ ಮಾಡುವಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡು ಹೋಗಿ. 108 ತಡವಾಗುವುದಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಯಾದರೂ ಹೊರಡಿ. ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ, ಮಂಗಳೂರಿನಲ್ಲಿ ವೆನ್ಲಾಕ್. ನಿಮ್ಮ ಮನೆಯಿಂದ ಯಾವುದು ಹತ್ತಿರ, ಅಲ್ಲಿ ವೆಂಟಿಲೇಟರ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡಿರಿ. ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ಹಾವನ್ನು ಹಿಡಿದು ತರಬೇಕಾಗಿಲ್ಲ. ಕಚ್ಚಿದ ಹೊತ್ತು, ರೆಪ್ಪೆ ಯಾವಾಗ ಜೋತುಬಿತ್ತು, ಹೊಟ್ಟೆನೋವು, ವಾಂತಿ, ವಸಡಿನ ರಕ್ತ ಯಾವಾಗ ಶುರುವಾಯಿತು ಎಂಬುದು ವೈದ್ಯರಿಗೆ ಬೇಕು. ಅವರು 2 ಮಿಲಿಲೀಟರ್ ರಕ್ತವನ್ನು ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದರ್ಥ. ನಮ್ಮ ವಿಷನಿರೋಧಕ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಕ್ಕೆ ಮಾತ್ರ. ಘಟ್ಟದ ಬುಡದ ಅಡಿಕೆ ತೋಟಗಳಲ್ಲಿರುವ, ಮೂಗಿನ ತುದಿ ಎದ್ದ ಸಣ್ಣ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ, ಹಾಗಾಗಿ ಹಾವನ್ನು ದೂರದಿಂದ ಕಂಡಿದ್ದರೆ ಅದರ ಗಾತ್ರ, ಬಣ್ಣ ಹೇಳಿ.

ಏನೂ ಆಗಿಲ್ಲವೆಂದು ಅನಿಸಿದರೂ 24 ಗಂಟೆ ಆಸ್ಪತ್ರೆಯಲ್ಲೇ ಇರಿ. ಮದ್ದು ಪಡೆದವರಿಗೆ ಒಂದೆರಡು ವಾರದ ಮೇಲೆ ಜ್ವರ, ಗಂಟುನೋವು, ತುರಿಕೆ ಬಂದರೆ ಅದು ಮದ್ದಿನ ಪ್ರತಿಕ್ರಿಯೆ ಇರಬಹುದು. ಡಿಸ್ಚಾರ್ಜ್ ಚೀಟಿ ಹಿಡಿದು ಅದೇ ವೈದ್ಯರ ಬಳಿ ಹೋಗಿ.