ನನ್ನ ಅನುಭವ: ಮನೆ ಕೊಡಿಸುವ ಕೆಲಸದಲ್ಲಿ ಸರಿಯಾದ ಪಾರ್ಟಿಯನ್ನು ಗುರುತಿಸುವುದು

ಮೈಸೂರಿನ ಬೋಗಾದಿ, ದಟ್ಟಗಳ್ಳಿ, ರಾಮಕೃಷ್ಣನಗರ ಮತ್ತು ಕುವೆಂಪುನಗರದ ಸುತ್ತಮುತ್ತ ಮನೆ ಕೊಡಿಸುವ, ಮಾರಿಸುವ ಕೆಲಸ ನನ್ನದು. ಈ ವೃತ್ತಿಯಲ್ಲಿ ಕಮಿಷನ್ ಕೈಸೇರುವುದು ಕ್ರಯಪತ್ರ ನೋಂದಣಿಯಾದ ಮೇಲೆ. ಅಲ್ಲಿಯವರೆಗಿನ ಓಡಾಟ, ಪೆಟ್ರೋಲು, ಕಾಗದಪತ್ರಗಳ ಹುಡುಕಾಟ ಎಲ್ಲವೂ ನಮ್ಮ ಖರ್ಚು. ಆದ್ದರಿಂದ ಬಂದ ಪಾರ್ಟಿಗಳಲ್ಲಿ, ಅಂದರೆ ಕೊಳ್ಳುವವರು ಮತ್ತು ಮಾರುವವರಲ್ಲಿ, ಯಾರ ಕೆಲಸವನ್ನು ಮನಸ್ಸಿಟ್ಟು ಹಿಡಿಯಬೇಕೆಂದು ಮೊದಲೇ ತಿಳಿದರೆ ನಮಗೂ, ನಮ್ಮನ್ನು ನಂಬಿ ಬಂದವರಿಗೂ ಒಳ್ಳೆಯದು.

ಇದಕ್ಕಾಗಿ ನಾನು ಹಳೆಯ ಡೈರಿಗಳನ್ನು ತೆಗೆದು, ನೋಂದಣಿಯವರೆಗೆ ಮುಟ್ಟಿದ ವ್ಯವಹಾರಗಳನ್ನಷ್ಟೇ ಬೇರೆಯಾಗಿ ಬರೆದುಕೊಂಡೆ. ಕೊಂಡವರು ಯಾರು, ಯಾರ ಮೂಲಕ ಬಂದರು, ಮನೆಯಲ್ಲಿ ಯಾರ ಮಾತಿನ ಮೇಲೆ ತೀರ್ಮಾನವಾಯಿತು, ಹಣ ಎಲ್ಲಿಂದ ಹೊಂದಿತು ಎಂದು ಒಂದೊಂದರ ಎದುರಿಗೂ ಗುರುತು ಹಾಕಿದೆ. ದೊಡ್ಡ ಮೊತ್ತ ಹೇಳಿಕೊಂಡು ಬಂದವರು ಆ ಪಟ್ಟಿಯಲ್ಲಿ ಕಡಿಮೆಯಿದ್ದರು. ಹೆಚ್ಚಿನವರು ಅದೇ ಬಡಾವಣೆಗಳಲ್ಲಿ ಬಾಡಿಗೆಗಿದ್ದು ಮಕ್ಕಳ ಶಾಲೆ ಬದಲಿಸಲು ಇಷ್ಟವಿಲ್ಲದ ಸಂಬಳದಾರ ದಂಪತಿಗಳು, ಇಲ್ಲವೇ ನಿವೃತ್ತರಾಗಿ ಬೆಂಗಳೂರಿನ ಫ್ಲ್ಯಾಟ್ ಮಾರಿ ಊರಿಗೆ ಮರಳುವವರು. ಅಂದಿನಿಂದ ಇವರಿಬ್ಬರೇ ನನ್ನ ಮುಖ್ಯ ಗಿರಾಕಿಗಳು. ರಿಂಗ್ ರಸ್ತೆಯಾಚೆಯ ಹೊಸ ಲೇಔಟ್‌ಗಳಲ್ಲಿ ಹೂಡಿಕೆಗೆಂದು ಸೈಟು ಕೇಳುವವರನ್ನು ಆ ಕಡೆ ಪಳಗಿದ, ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿಸಿಕೊಂಡ ಏಜೆಂಟರ ಬಳಿಗೆ ಕಳುಹಿಸುತ್ತೇನೆ.

ಮೊದಲ ಮಾತುಕತೆಯಲ್ಲಿ ನಾನು ಬಜೆಟ್ ಎಷ್ಟೆಂದು ಕೇಳುವುದಿಲ್ಲ; ಬ್ಯಾಂಕ್ ಸಾಲ ಬಿಟ್ಟು ಕೈಯಲ್ಲಿ ಎಷ್ಟಿದೆ ಎಂದು ಕೇಳುತ್ತೇನೆ. 60 ಲಕ್ಷ ರೂಪಾಯಿಯ ಮನೆಯನ್ನೇ ತೆಗೆದುಕೊಳ್ಳಿ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಆಸ್ತಿಯ ಮೌಲ್ಯದ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಂದರೆ 48 ಲಕ್ಷ. ಉಳಿದ 12 ಲಕ್ಷದ ಜೊತೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಮತ್ತು 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿರುವ ನೋಂದಣಿ ಶುಲ್ಕ ಸೇರಿ ನಾಲ್ಕೂವರೆ ಲಕ್ಷದಷ್ಟು ಬೇಕು, ಅದಕ್ಕೆ ಸಾಲ ಸಿಗದು. ನಮ್ಮ ಕಮಿಷನ್ನು, ವಕೀಲರ ಫೀಸು ಸೇರಿದರೆ ಹದಿನೇಳು ಲಕ್ಷ ದಾಟುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ದಂಪತಿಗಳ ಮುಂದಿಡುತ್ತೇನೆ. ಕೆಲವರು ಅಲ್ಲಿಯೇ ಪಿಎಫ್, ಚಿನ್ನ, ಊರಿನ ತೋಟದ ಪಾಲು ಎಂದು ಒಂದೊಂದಾಗಿ ಕೂಡಿಸತೊಡಗುತ್ತಾರೆ. ಅವರು ನಿಜವಾಗಿ ಕೊಳ್ಳುವವರು. ‘ಅದೆಲ್ಲಾ ಹೊಂದಿಸೋಣ ಬಿಡಿ, ನೀವು ಮೊದಲು ಮನೆ ತೋರಿಸಿ’ ಎನ್ನುವವರಿಗೆ ಬ್ಯಾಂಕಿನಲ್ಲಿ ಸಾಲದ ಅರ್ಹತೆ ತಿಳಿದುಕೊಂಡು ಬರುವಂತೆ ಹೇಳುತ್ತೇನೆ, ಮನೆ ತೋರಿಸುವುದು ಅನಂತರ.

ಅರ್ಧ ಹಣ ನಗದಾಗಿ ಕೊಡುತ್ತೇವೆ ಎನ್ನುವವರ ಕೆಲಸವನ್ನು ನಾನು ಹಿಡಿಯುವುದಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಇದರಲ್ಲಿ ರಾಜಿಯಾದರೆ ಎರಡೂ ಕಡೆಯವರಿಗೆ ತೊಂದರೆ.

ಕಾಲದ ವಿಷಯದಲ್ಲಿ ಆಷಾಢ ನನಗೆ ಒಳ್ಳೆಯ ಒರೆಗಲ್ಲು. ಆ ತಿಂಗಳು ಅಗ್ರಿಮೆಂಟ್ ಬೇಡವೆನ್ನುವುದು ನಮ್ಮಲ್ಲಿ ಸಹಜ, ಅದನ್ನು ನಾನೂ ಗೌರವಿಸುತ್ತೇನೆ. ಆದರೆ ಮನಸ್ಸಿರುವವರು ಆ ಬಿಡುವಿನಲ್ಲೇ ಕಾಗದಗಳ ಪ್ರತಿಯನ್ನು ವಕೀಲರಿಗೆ ಕೊಟ್ಟು, ಶ್ರಾವಣದಲ್ಲಿ ಯಾವ ದಿನವೆಂದು ಕೇಳಿಕೊಂಡಿರುತ್ತಾರೆ. ಮನೆಯ ಹಿರಿಯರನ್ನು ಎರಡನೆಯ ಸಲಕ್ಕೇ ಕರೆತರುವವರ ಮೇಲೂ ನನಗೆ ಭರವಸೆ ಹೆಚ್ಚು. ಅಡುಗೆಮನೆಯ ಮೂಲೆ, ಬಾಗಿಲಿನ ದಿಕ್ಕು ಮೊದಲಾದ ಆಕ್ಷೇಪಗಳು ಆಗಲೇ ಬಂದು ಆಗಲೇ ತೀರುತ್ತವೆ.

ಮಾರುವವರನ್ನು ಆರಿಸುವುದು ಇನ್ನೂ ಸೂಕ್ಷ್ಮ. ನನಗೆ ಬರುವ ಮನೆಗಳಲ್ಲಿ ಅನೇಕವು ತಂದೆತಾಯಿ ತೀರಿಕೊಂಡ ಮೇಲೆ ಹೊರ ಊರಿನ ಮಕ್ಕಳು ಮಾರಬೇಕೆಂದಿರುವಂಥವು. ಬೆಲೆಯ ಮಾತಿಗೆ ಮುಂಚೆ ವಂಶವೃಕ್ಷ ತರಿಸಿ, ಯಾರ ಯಾರ ಸಹಿ ಬೇಕೆಂದು ನೋಡುತ್ತೇನೆ. ‘ಅಕ್ಕನಿಗೆ ಮದುವೆಯಲ್ಲೇ ಎಲ್ಲಾ ಕೊಟ್ಟಾಗಿದೆ’ ಎಂದು ತಮ್ಮ ಹೇಳಿದರೆ, ಅಕ್ಕನೊಂದಿಗೆ ನೇರವಾಗಿ ಮಾತನಾಡದೆ ಮುಂದುವರಿಯುವುದಿಲ್ಲ. ಹೆಣ್ಣುಮಕ್ಕಳ ಹಕ್ಕು ಬಾಯಿಮಾತಿನಿಂದ ಹೋಗುವಂಥದ್ದಲ್ಲ. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ), ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ), ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ಸಾಲ, ವಹಿವಾಟುಗಳ ದಾಖಲೆ) ಇವುಗಳನ್ನು ಮಾಡಿಸಿಕೊಳ್ಳಲು ಒಪ್ಪಿ, ಆಮೇಲೆ ಗಿರಾಕಿ ತನ್ನಿ ಎನ್ನುವವರು ನನ್ನ ಪಾಲಿಗೆ ಅತ್ಯುತ್ತಮ ಪಾರ್ಟಿ. ವಿದೇಶದಲ್ಲಿರುವವರಾದರೆ, ಅಲ್ಲಿ ಬರೆದುಕೊಟ್ಟ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕೆಂದೂ, ಕೊಳ್ಳುವವರು ಹಿಡಿಯುವ ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ಆದಾಯ ತೆರಿಗೆ) ಇಲ್ಲಿನವರಂತೆ ಶೇ. 1 ಅಲ್ಲ, ಅದಕ್ಕಿಂತ ಬಹಳ ಹೆಚ್ಚೆಂದೂ ಮೊದಲ ಫೋನಿನಲ್ಲೇ ತಿಳಿಸುತ್ತೇನೆ. ಅದನ್ನು ಕೇಳಿ ತಮ್ಮ ಆಡಿಟರ್ ಜೊತೆ ಮಾತನಾಡಿ ಮರುದಿನ ಫೋನ್ ಮಾಡುವವರ ಮನೆಯ ಬೀಗದ ಕೈಯನ್ನು ನಾನು ಇಸಿದುಕೊಳ್ಳುತ್ತೇನೆ.